ಮೂರು ಗೆರೆಗೆ ಎರಡು ವರ್ಷದ ಓದು

"ಕಂಪ್ಯೂಟರ್ ಓದಿದ್ದಾಯ್ತು, ಕೆಲಸವೂ ಸಿಕ್ತು. ಈಗ ಕಂಪ್ಯೂಟರಿಗೂ ಮನುಷ್ಯನಿಗೂ ಮಧ್ಯೆ ಏನಿದೆ ಅಂತ ಓದಕ್ಕೆ ಅಮೆರಿಕಕ್ಕೆ ಹೋಗ್ತಾಳಂತೆ. ಮಧ್ಯೆ ಇನ್ನೇನಿರತ್ತೋ ಮಾರಾಯ, ಗಾಜಲ್ವಾ?"

ಸಾಗರದಿಂದ ಭಾವ ಫೋನು ಮಾಡಿದ್ದು ಫೆಬ್ರುವರಿ ಕೊನೆಯ ಒಂದು ರಾತ್ರಿ. ಕೊಯ್ಲು ಮುಗಿದು, ಅಡಿಕೆ ಮಂಡಿಗೆ ಹೋಗಿ, ಮನೆಯಲ್ಲಿ ದುಡ್ಡಿನ ಮಾತಾಡಲು ಪುರುಸೊತ್ತಾಗುವ ಕಾಲ. ಅಕ್ಕನ ಮಗಳು ಇನ್ಫರ್ಮೇಶನ್ ಸೈನ್ಸಿನಲ್ಲಿ ಬಿ.ಇ. ಮುಗಿಸಿ ಮೂರು ವರ್ಷದಿಂದ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಈಗ ಅಮೆರಿಕದ ಒಂದು ವಿಶ್ವವಿದ್ಯಾಲಯದಿಂದ ಎಚ್‌ಸಿಐ, ಅಂದರೆ ಹ್ಯೂಮನ್-ಕಂಪ್ಯೂಟರ್ ಇಂಟರಾಕ್ಷನ್ ಎಂಬ ವಿಷಯದಲ್ಲಿ ಎಂ.ಎಸ್. ಮಾಡಲು ಸೀಟು ಬಂದಿದೆ. ಎರಡು ವರ್ಷದ ಓದು. ಏಪ್ರಿಲ್ ಮಧ್ಯದೊಳಗೆ ಠೇವಣಿ ಕಟ್ಟಬೇಕು. ತೋಟವನ್ನು ಬ್ಯಾಂಕು ಅಡವಾಗಿ ಒಪ್ಪಲಿಲ್ಲ. ಪೇಟೆಯ ಮನೆಯನ್ನೇ ಇಡಬೇಕು. ಮೇಲೆ ಆದಾಯ ತೋರಿಸಲು ಪಹಣಿ, ವಂಶವೃಕ್ಷ, ಸಿ.ಎ. ಸಹಿ. ಇಷ್ಟೆಲ್ಲ ಓಡಾಟ ಗಾಜಿನ ಸಲುವಾಗಿಯೇ ಎಂಬುದು ಭಾವನ ಪ್ರಶ್ನೆ.

ನನ್ನನ್ನು ಕೇಳಿದ್ದಕ್ಕೆ ಕಾರಣವಿದೆ. ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಕಂಪನಿಗಳಿಗೆ ಕನ್ನಡ ಬರೆದುಕೊಡುವುದು ನನ್ನ ಕಸುಬು. ಗುಂಡಿಯ ಮೇಲೆ 'ಸಲ್ಲಿಸಿ' ಎನ್ನಬೇಕೋ 'ಕಳುಹಿಸಿ' ಎನ್ನಬೇಕೋ, ತಪ್ಪು ಪಿನ್ ಒತ್ತಿದವರಿಗೆ 'ಅಮಾನ್ಯ' ಎಂದು ಬೈಯಬೇಕೋ ಬೇಡವೋ, ಇಂಥವನ್ನು ತೂಗಿಯೇ ಸಂಬಳ ತೆಗೆದುಕೊಂಡಿದ್ದೇನೆ. ಎಚ್‌ಸಿಐ ಓದಿದವರ ಪಕ್ಕ ಕೂತಿದ್ದೇನೆ, ಓದದವರ ಪಕ್ಕವೂ. ನಾನು ಓದಿದ್ದು ಕನ್ನಡ ಎಂ.ಎ. ಹಾಗಾಗಿ ಯಾರ ಪರವಾಗಿ ವಾದಿಸುವ ದರ್ದೂ ನನಗಿಲ್ಲ ಅಂದುಕೊಂಡಿದ್ದೆ. ಬರೆಯಲು ಕೂತಾಗ ಅಷ್ಟು ಸುಲಭವಲ್ಲ ಅನಿಸಿತು.

ಮೊದಲು, ಇದು ಯಾವ ವಿದ್ಯೆ? ಕನ್ನಡದಲ್ಲಿ ಎಲ್ಲರೂ ಒಪ್ಪಿದ ಹೆಸರಿಲ್ಲ. 'ಮಾನವ-ಗಣಕ ಸಂವಹನ' ಎಂದು ಪಠ್ಯಪುಸ್ತಕದ ಧಾಟಿಯಲ್ಲಿ ಹೇಳಬಹುದು. ಹಾಗೆ ಹೇಳಿದರೆ ಭಾವ ಫೋನ್ ಇಟ್ಟುಬಿಡುತ್ತಾರೆ. ಯಂತ್ರ ಕಟ್ಟುವವನ ಲೆಕ್ಕಾಚಾರಕ್ಕೂ ಬಳಸುವವನ ಅಂದಾಜಿಗೂ ನಡುವೆ ಬೀಳುವ ಸಂದನ್ನು ಅಳೆದು ಮುಚ್ಚುವ ವಿದ್ಯೆ ಅನ್ನೋಣ. 1963ರಲ್ಲಿ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ಬೆಳಕಿನ ಪೆನ್ನಿನಿಂದ ಪರದೆಯ ಮೇಲೇ ಗೆರೆ ಎಳೆದು ತೋರಿಸಿದ. 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಮೌಸ್ ಹಿಡಿದು ಸಭಿಕರನ್ನು ಬೆರಗುಗೊಳಿಸಿದ. ಅವರಿಬ್ಬರೂ ಎಂಜಿನಿಯರುಗಳು. ಆಮೇಲೆ ಮನಶ್ಶಾಸ್ತ್ರದವರು ಬಂದರು. ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್, ಅಲೆನ್ ನ್ಯೂವೆಲ್ ಮೂವರು ಸೇರಿ 1983ರಲ್ಲಿ ಬರೆದ ದಪ್ಪ ಪುಸ್ತಕದಲ್ಲಿ, ಮನುಷ್ಯ ಒಂದು ಕೀಲಿ ಒತ್ತಲು, ಮೌಸನ್ನು ಗುರಿಗೆ ಒಯ್ಯಲು, ಮುಂದೇನು ಎಂದು ಒಂದು ಕ್ಷಣ ಯೋಚಿಸಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಕೊಟ್ಟರು. ಆ ಯೋಚನೆಯ ಕ್ಷಣಕ್ಕೆ ಅವರ ಅಂದಾಜು 1.35 ಸೆಕೆಂಡ್. ಮನುಷ್ಯನ ತಡವರಿಕೆಗೆ ಬೆಲೆ ಕಟ್ಟಿದ ಆ ಸಂಖ್ಯೆ ನನಗೆ ಈಗಲೂ ಪ್ರಿಯ. 1990ರ ದಶಕದಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯ ಇದಕ್ಕೆಂದೇ ಒಂದು ಸಂಸ್ಥೆ ತೆರೆಯಿತು. ಅಟ್ಲಾಂಟಾದ ಜಾರ್ಜಿಯಾ ಟೆಕ್‌ನಲ್ಲಿ ಕಂಪ್ಯೂಟಿಂಗ್, ಮನಶ್ಶಾಸ್ತ್ರ, ಕೈಗಾರಿಕಾ ವಿನ್ಯಾಸ, ಸಾಹಿತ್ಯ ಮತ್ತು ಮಾಧ್ಯಮ ಈ ನಾಲ್ಕೂ ವಿಭಾಗಗಳು ಸೇರಿ ಎಂ.ಎಸ್. ನಡೆಸುತ್ತವೆ. ಸಾಹಿತ್ಯ ವಿಭಾಗವೂ ಇದೆ ಎಂದಾಗ ನನ್ನ ಎಂ.ಎ. ಸ್ವಲ್ಪ ಎದೆ ಸೆಟೆಸಿತು.

ಇನ್ನು ಶೀರ್ಷಿಕೆಯ ಮೂರು ಗೆರೆ. ಕೆಲವು ವರ್ಷದ ಹಿಂದೆ ತುರುವೇಕೆರೆ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಸ್ವಸಹಾಯ ಸಂಘದ ಲೆಕ್ಕ ಬರೆಯುವ ಆ್ಯಪ್ ಒಂದರ ಪರೀಕ್ಷೆ. ಜೊತೆಗೆ ಇಬ್ಬರು ವಿನ್ಯಾಸಕರು. ಒಬ್ಬಳು ಹೊರದೇಶದಲ್ಲಿ ಎಚ್‌ಸಿಐ ಓದಿ ಬಂದವಳು. ಇನ್ನೊಬ್ಬ ದಾವಣಗೆರೆಯ ಹುಡುಗ, ಬಿ.ಕಾಂ. ಬಿಟ್ಟು, ಯೂಟ್ಯೂಬ್ ನೋಡಿ, ಪರದೆ ಬಿಡಿಸುವ ಫಿಗ್ಮಾ ಎಂಬ ಹತಾರ ಕಲಿತವನು. ಸಂಘದ ಖಜಾಂಚಿ ಸುಮಾರು ಐವತ್ತರ ಹೆಂಗಸು, ಕನ್ನಡ ಚೆನ್ನಾಗಿ ಓದಬಲ್ಲರು. ಜಗಲಿಯ ಮೇಲೆ ಕೂತು ಫೋನು ಕೈಗೆ ತೆಗೆದುಕೊಂಡರು. "ಹಿಂದಿನ ತಿಂಗಳ ಕಂತು ಯಾರು ಕಟ್ಟಿಲ್ಲ ನೋಡಿ ಅಕ್ಕಾ" ಅಂತ ಕೆಲಸ ಕೊಟ್ಟೆವು.

ಆ ಪಟ್ಟಿ ಇದ್ದದ್ದು ಪರದೆಯ ಮೂಲೆಯ ಮೂರು ಅಡ್ಡ ಗೆರೆಗಳ ಒಳಗೆ. ನಮ್ಮ ಕಸುಬಿನಲ್ಲಿ ಅದಕ್ಕೆ ಹ್ಯಾಂಬರ್ಗರ್ ಎಂದು ಹೆಸರು. ಆಕೆ ಪರದೆ ಮೇಲೆ ಕೆಳಗೆ ನೋಡಿದರು. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು. ದಾವಣಗೆರೆಯ ಹುಡುಗನಿಗೆ ತಡೆಯಲಾಗಲಿಲ್ಲ. "ಅಲ್ಲಿ ಮೇಲೆ..." ಎಂದು ಬಾಯಿ ತೆರೆದ. ಓದಿ ಬಂದವಳು ಅವನ ಮೊಣಕೈ ಮೆಲ್ಲಗೆ ಒತ್ತಿದಳು. ಅವಳು ಮಾತಾಡಲಿಲ್ಲ, ನಗಲಿಲ್ಲ, ಕೈಯಲ್ಲಿದ್ದ ಗಡಿಯಾರವನ್ನೂ ನೋಡಲಿಲ್ಲ. ಸುಮಾರು ಒಂದು ನಿಮಿಷದ ಮೇಲೆ ಖಜಾಂಚಿ ತಮ್ಮಷ್ಟಕ್ಕೆ ಹೇಳಿಕೊಂಡರು: "ಇದೇನೋ ವಿಭೂತಿ ಬಳಿದಂಗೈತೆ. ದೇವರದ್ದೇನೋ ಇರಬೇಕು ಅಂತ ಮುಟ್ಟಲಿಲ್ಲ."

ಹುಡುಗ ಅಡ್ಡ ಬಾಯಿ ಹಾಕಿದ್ದರೆ ಆ ಮಾತು ಹೊರಗೆ ಬರುತ್ತಿರಲಿಲ್ಲ. ಆಕೆ ಗುಂಡಿ ಒತ್ತುತ್ತಿದ್ದರು, ನಾವು 'ಪಾಸ್' ಎಂದು ಬರೆದುಕೊಂಡು ಬೆಂಗಳೂರಿಗೆ ಬರುತ್ತಿದ್ದೆವು. ಒಂದು ನಿಮಿಷ ಬಾಯಿ ಮುಚ್ಚಿಕೊಂಡು ಕೂರುವುದು ಕಷ್ಟದ ಕೆಲಸ. ಎದುರಿನವರು ತಡವರಿಸುತ್ತಿದ್ದರೆ ನೆರವಿಗೆ ಹೋಗುವುದು ನಮ್ಮ ಮಣ್ಣಿನ ಗುಣ. ಆ ಗುಣವನ್ನು ಹತ್ತಿಕ್ಕಿ, ತಡವರಿಕೆಯನ್ನೇ ಮಾಹಿತಿಯಾಗಿ ನೋಡಲು ತರಬೇತಿ ಬೇಕು. ಅವಳಿಗೆ ಅದನ್ನು ಕಲಿಸಿದ್ದು ವಿಶ್ವವಿದ್ಯಾಲಯ. ಮೊದಲ ಸೆಮಿಸ್ಟರಿನಲ್ಲಿ ಹೀಗೆ ಬಾಯಿ ಹಾಕಿದ್ದಕ್ಕೆ ಮೂರು ಸಲ ವಿಡಿಯೊ ನಿಲ್ಲಿಸಿ ಎಲ್ಲರೆದುರು ತೋರಿಸಿದ್ದರಂತೆ.

ಆದರೆ ಕತೆ ಇಲ್ಲಿಗೆ ಮುಗಿಯುವುದಿಲ್ಲ. ಬೆಂಗಳೂರಿಗೆ ಬಂದು ಅವಳು ಎರಡು ವಾರ ಕೂತು ನಲವತ್ತು ಪುಟದ ವರದಿ ಬರೆದಳು. ಅದರಲ್ಲಿ ಸಾಂಸ್ಕೃತಿಕ ಸಂಕೇತಗಳ ಬಗ್ಗೆ ಒಂದು ಅಧ್ಯಾಯವೇ ಇತ್ತು. ಹುಡುಗ ಮರಳಿ ಬರುವ ಕಾರಿನಲ್ಲೇ, ಗುಬ್ಬಿ ದಾಟುವ ಹೊತ್ತಿಗೆ, ಮೂರು ಗೆರೆ ಅಳಿಸಿ 'ಬಾಕಿ ಯಾರದು?' ಎಂದು ದೊಡ್ಡ ಗುಂಡಿ ಮಾಡಿದ್ದ. ಆ ಮಾತು ನನಗೂ ಹೊಳೆದಿರಲಿಲ್ಲ. ನಾನು 'ಬಾಕಿದಾರರ ಪಟ್ಟಿ' ಎಂದು ಬರೆಯುತ್ತಿದ್ದೆ. ಅವನ ತಾಯಿಯೂ ಅಂಥದೇ ಸಂಘವೊಂದರ ಸದಸ್ಯೆ. ವರದಿಯನ್ನು ಎಷ್ಟು ಜನ ಓದಿದರೋ ಕಾಣೆ. ಗುಂಡಿ ಮಾತ್ರ ಹಾಗೇ ಉಳಿಯಿತು.

ಇವರಿಬ್ಬರಲ್ಲಿ ಯಾರು ಹೆಚ್ಚು ಎಂದು ಭಾವ ಕೇಳಿದರೆ ನಾನು ತೊದಲುತ್ತೇನೆ. ಎರಡೂ ಕಡೆಯ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಓದು ಬೇಕು ಎನ್ನುವವರ ಕೈಯಲ್ಲಿ ಒಂದು ಒಳ್ಳೆಯ ಕತೆಯಿದೆ. ನ್ಯೂಯಾರ್ಕ್ ಸುತ್ತಲಿನ ದೂರವಾಣಿ ಕಂಪನಿ ನೈನೆಕ್ಸ್, 1980ರ ದಶಕದ ಕೊನೆಯಲ್ಲಿ ತನ್ನ ಆಪರೇಟರುಗಳಿಗೆ ಹೊಸ ಯಂತ್ರ ಕೊಳ್ಳಲು ಹೊರಟಿತ್ತು. ಹೊಸದರ ಪರದೆ ಚೆಂದ, ಒತ್ತಬೇಕಾದ ಕೀಲಿ ಕಡಿಮೆ. ಯಾರು ನೋಡಿದರೂ ಕೆಲಸ ಬೇಗ ಆಗುತ್ತದೆ ಎನ್ನುವಂತಿತ್ತು. ವೇಯ್ನ್ ಗ್ರೇ, ಬಾನಿ ಜಾನ್, ಮೈಕೆಲ್ ಆಟ್‌ವುಡ್ ಎಂಬ ಸಂಶೋಧಕರು ಕಾರ್ಡ್ ಮತ್ತು ಸಂಗಡಿಗರ ಲೆಕ್ಕಾಚಾರದ ದಾರಿ ಹಿಡಿದು, ಆಪರೇಟರ್ ಒಂದು ಕರೆಯಲ್ಲಿ ಯಾವಾಗ ಏನು ಕೇಳುತ್ತಾಳೆ, ನೋಡುತ್ತಾಳೆ, ಒತ್ತುತ್ತಾಳೆ ಎಂದು ಕ್ಷಣ ಕ್ಷಣ ಬಿಡಿಸಿ, ಹೊಸ ಯಂತ್ರವೇ ನಿಧಾನ ಎಂದು ಭವಿಷ್ಯ ನುಡಿದರು.  ತಿಂಗಳುಗಟ್ಟಲೆ ನಿಜವಾದ ಕರೆಗಳ ಮೇಲೆ ಪರೀಕ್ಷೆ ನಡೆಯಿತು. ಹೊಸದು ಸುಮಾರು ಶೇಕಡ 4ರಷ್ಟು ನಿಧಾನವಾಗಿಯೇ ಇತ್ತು. ಕಾರಣ ಸೊಗಸಾಗಿದೆ. ಹಳೆಯ ಯಂತ್ರದಲ್ಲಿ ಗಿರಾಕಿ ಮಾತಾಡುತ್ತಿರುವಾಗಲೇ ಆಪರೇಟರ್ ಕೆಲವು ಕೀಲಿ ಒತ್ತಿ ಮುಗಿಸುತ್ತಿದ್ದಳು. ಆ ಒತ್ತುವಿಕೆಗೆ ಬೇರೆ ಸಮಯವೇ ಹಿಡಿಯುತ್ತಿರಲಿಲ್ಲ. ಹೊಸದರಲ್ಲಿ ಕೈಬಿಟ್ಟದ್ದು ಆ ಪುಕ್ಕಟೆ ಕೀಲಿಗಳನ್ನೇ. ಒಂದನ್ನು ಮಾತ್ರ ಕರೆಯ ಕೊನೆಗೆ, ಎಲ್ಲರೂ ಕಾಯುವ ಜಾಗಕ್ಕೆ ತಂದಿಟ್ಟಿದ್ದರು. ಅಡುಗೆಮನೆಯಲ್ಲಿ ಅನ್ನ ಬೇಯುವಾಗ ಹುಳಿಗೆ ತರಕಾರಿ ಹೆಚ್ಚುವವರಿಗೆ ಇದು ಹೇಳಿಕೊಡಬೇಕಾದ ಮಾತಲ್ಲ. ಆದರೂ ಕಾಗದದ ಮೇಲೆ ಅದನ್ನು ಸಾಧಿಸಿ ಕೋಟ್ಯಂತರ ರೂಪಾಯಿಯ ಖರೀದಿ ತಡೆಯಲು ಬೇಕಾದ್ದು ಅಡುಗೆಮನೆಯ ಜಾಣತನ ಒಂದೇ ಅಲ್ಲ.

ಇನ್ನೊಂದು ಮಾತು ಹತಾರದ್ದು. ನಾನು ಈ ಕಸುಬಿಗೆ ಬಂದಾಗ ಎಲ್ಲರೂ ಫೋಟೊಶಾಪಿನಲ್ಲಿ ಪರದೆ ಬಿಡಿಸುತ್ತಿದ್ದರು. ಆಮೇಲೆ ಸ್ಕೆಚ್ ಬಂತು. 2016ರಲ್ಲಿ ಫಿಗ್ಮಾ ಬಂತು. ಈಗ ಎರಡು ಸಾಲು ಬರೆದರೆ ಎಐ ಇಡೀ ಪರದೆ ಬಿಡಿಸಿಕೊಡುತ್ತದೆ. ಹತಾರ ಮಾತ್ರ ಕಲಿತವರು ಐದು ವರ್ಷಕ್ಕೊಮ್ಮೆ ಹೊಸ ಶಾಲೆಗೆ ಸೇರಬೇಕು. ಪಾಲ್ ಫಿಟ್ಸ್ 1954ರಲ್ಲಿ ಹೇಳಿದ ನಿಯಮ, ಅಂದರೆ ಗುರಿ ದೂರವಿದ್ದಷ್ಟೂ ಕಿರಿದಾಗಿದ್ದಷ್ಟೂ ಕೈ ತಲುಪಲು ಹೊತ್ತು ಹೆಚ್ಚು ಎಂಬುದು, ಹೆಬ್ಬೆರಳಿನಲ್ಲಿ ಫೋನು ಒತ್ತುವ ಕಾಲದಲ್ಲೂ ಹಳತಾಗಿಲ್ಲ. ವಿಶ್ವವಿದ್ಯಾಲಯ ಕೊಡುವುದು ಈ ಜಾತಿಯ ಸರಕನ್ನು.

ಬೆಂಗಳೂರಲ್ಲೇ ನಡೆದದ್ದನ್ನೂ ಹೇಳಬೇಕು. 2005ರಲ್ಲಿ ಇಲ್ಲಿ ಶುರುವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಇಂದ್ರಾಣಿ ಮೇಧಿ ಮತ್ತು ಸಂಗಡಿಗರು, ಓದು ಬಾರದ ಮನೆಗೆಲಸದವರು ಕೆಲಸ ಹುಡುಕಿಕೊಳ್ಳಲು ಅಕ್ಷರವೇ ಇಲ್ಲದ ಪರದೆ ಮಾಡಿದರು. ನಗರದ ಕೊಳೆಗೇರಿಗಳಿಗೆ ಹೋಗಿ, ಆ ಹೆಂಗಸರ ಎದುರು ಚಿತ್ರ ಇಟ್ಟು, ಬದಲಿಸಿ, ಮತ್ತೆ ಇಟ್ಟರು. ಬರೀ ನಲ್ಲಿಯ ಚಿತ್ರ ತೋರಿಸಿದರೆ ಅದು ನಲ್ಲಿ ಅಷ್ಟೆ. ನಲ್ಲಿಯಿಂದ ನೀರು ಸುರಿಯುವಂತೆ ಬರೆದರೆ ಆಗ ಪಾತ್ರೆ ತೊಳೆಯುವ ಕೆಲಸ. ಇಂಥ ಪಾಠ ಸಿಗುವುದು ಚಿತ್ರ ಬಿಡಿಸುವುದರಿಂದಲ್ಲ, ಬಿಡಿಸಿದ್ದು ತಪ್ಪಿರಬಹುದು ಎಂದುಕೊಂಡು ಹತ್ತು ಸಲ ಅದೇ ಗಲ್ಲಿಗೆ ಹೋಗುವುದರಿಂದ. ಅದೇ ಸಂಸ್ಥೆಯವರು ಹಳ್ಳಿ ಶಾಲೆಗಳಲ್ಲಿ ಒಂದು ಕಂಪ್ಯೂಟರಿನ ಸುತ್ತ ಮಕ್ಕಳು ಮುತ್ತಿಕೊಂಡು, ಒಂದೇ ಮಗು ಮೌಸ್ ಹಿಡಿದು ಕೂರುವುದನ್ನು ಕಂಡು, ಒಂದೇ ಪರದೆಗೆ ಹಲವು ಮೌಸ್ ಜೋಡಿಸಿದರು. ಮೌಸ್ ಸಿಗದ ಮಗುವಿನ ಕಡೆ ಕಣ್ಣು ಹೋದದ್ದೇ ಅರ್ಧ ಕೆಲಸ.

ಇಷ್ಟಾದ ಮೇಲೆ ಎದುರು ಕಡೆಯವರ ಮಾತು. ಅವರದು ಹಗುರವಾದ ವಾದವೇನಲ್ಲ.

ದುಡ್ಡಿನಿಂದಲೇ ಶುರುಮಾಡೋಣ, ಭಾವನೂ ಅಲ್ಲಿಂದಲೇ ಶುರುಮಾಡಿದ್ದು. ಅಮೆರಿಕದ ಖಾಸಗಿ ವಿಶ್ವವಿದ್ಯಾಲಯವಾದರೆ ಶುಲ್ಕ, ಬಾಡಿಗೆ, ಊಟ, ವಿಮೆ ಸೇರಿ ಅರ್ಧ ಕೋಟಿ ದಾಟುವುದು ಮಾಮೂಲು. ಓದು ಮುಗಿದ ಮೇಲೆ ಒಂದು ವರ್ಷ ಅಲ್ಲೇ ಕೆಲಸ ಮಾಡಬಹುದು. ಕೋರ್ಸು ಸರ್ಕಾರದ ವಿಜ್ಞಾನ-ತಂತ್ರಜ್ಞಾನ ಪಟ್ಟಿಯಲ್ಲಿ ಇದ್ದರೆ ಇನ್ನೆರಡು ವರ್ಷ ಸೇರುತ್ತದೆ. ಎಚ್‌ಸಿಐ ಹೆಸರಿನ ಕೋರ್ಸುಗಳಲ್ಲಿ ಎಲ್ಲವೂ ಆ ಪಟ್ಟಿಯಲ್ಲಿ ಇರುವುದಿಲ್ಲ. ಕೆಲವು ಕಡೆ ವಿನ್ಯಾಸ ವಿಭಾಗದಡಿ ಬಂದು ತಪ್ಪಿಹೋಗುತ್ತವೆ. ಸೀಟು ಬಂದವರು ಕಟ್ಟಡದ ಫೋಟೊ ನೋಡುವ ಮೊದಲು ಇದನ್ನು ನೋಡಬೇಕು. ಆಮೇಲೆ ಎಚ್-1ಬಿ ಎಂಬ ಕೆಲಸದ ವೀಸಾ. ವರ್ಷಕ್ಕೆ 85,000 ಮಿತಿ, ಅದಕ್ಕಿಂತ ಹಲವು ಪಟ್ಟು ಅರ್ಜಿ. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಎಂದು ಅಲ್ಲಿನ ಅಧ್ಯಕ್ಷರ ಆದೇಶ ಬಂತು. ಅಲ್ಲೇ ಓದಿ ವೀಸಾ ಬದಲಿಸಿಕೊಳ್ಳುವವರಿಗೆ ಅದು ತಾಗದು ಎಂದು ಆಮೇಲೆ ಸಮಜಾಯಿಷಿ ಬಂತು. ಆ ಒಂದು ತಿಂಗಳು ಎಷ್ಟು ಮನೆಗಳಲ್ಲಿ ನಿದ್ದೆ ಕೆಟ್ಟಿತೋ.

ಕೆಲಸವೂ ಮೊದಲಿನಂತಿಲ್ಲ. 2022ರ ನವೆಂಬರಿನಲ್ಲಿ ಮೆಟಾ 11,000 ಜನರನ್ನು ತೆಗೆಯುತ್ತೇನೆ ಎಂದಿತು. 2023ರ ಜನವರಿಯಲ್ಲಿ ಗೂಗಲ್ 12,000 ಅಂದಿತು. ಇಂಥ ಹೊತ್ತಿನಲ್ಲಿ ಕೋಡ್ ಬರೆಯುವವನಿಗಿಂತ ಮೊದಲು ಕಣ್ಣಿಗೆ ಬೀಳುವವನು ಯೂಸರ್ ರಿಸರ್ಚ್ ಮಾಡುವವನು. ಅವನು ಏನು ಕಟ್ಟಿದ ಎಂದು ಕೇಳಿದರೆ ತೋರಿಸಲು ಗುಂಡಿಯಿಲ್ಲ. ಕಟ್ಟಬೇಡಿ ಎಂದು ಹೇಳಿ ಉಳಿಸಿದ್ದು ಯಾವ ತ್ರೈಮಾಸಿಕ ವರದಿಯಲ್ಲೂ ಕಾಣದು. ನೈನೆಕ್ಸ್ ಕತೆ ಪಾಠ ಪುಸ್ತಕಕ್ಕೆ ಸೇರಿದ್ದೇ ಅಂಥ ಉಳಿತಾಯ ಕಣ್ಣಿಗೆ ಕಾಣುವುದು ಅಪರೂಪವಾದ್ದರಿಂದ.

ಇನ್ನು ಓದಿನ ಒಳಗಿನ ಕೊರತೆ. ಈ ವಿಷಯದ ದೊಡ್ಡ ಸಮ್ಮೇಳನದ ಹೆಸರು ಸಿಎಚ್‌ಐ, 'ಕೈ' ಎಂದು ಉಚ್ಚಾರ. ಅಲ್ಲಿ 2016ರಿಂದ 2020ರವರೆಗೆ ಬಂದ ಪ್ರಬಂಧಗಳನ್ನು ಜಾಲಾಡಿದ ಒಂದು ಅಧ್ಯಯನದ ಪ್ರಕಾರ, ಅಲ್ಲಿನ ಅಧ್ಯಯನಗಳ ಶೇಕಡ 73 ಫಲಿತಾಂಶಗಳು ಪಾಶ್ಚಾತ್ಯ ದೇಶಗಳ ಜನರನ್ನು ನೋಡಿ ಕಂಡುಕೊಂಡವು. ಆ ದೇಶಗಳಲ್ಲಿರುವುದು ಲೋಕದ ಜನಸಂಖ್ಯೆಯ ಎಂಟನೇ ಒಂದು ಪಾಲಿಗಿಂತ ಕಡಿಮೆ. 'ಮನುಷ್ಯ' ಎಂದು ಕೋರ್ಸಿನ ಹೆಸರಿನಲ್ಲಿರುವವನು ಹೆಚ್ಚಾಗಿ ಇಂಗ್ಲಿಷ್ ಓದುವ, ಸ್ವಂತ ಫೋನಿರುವ, ಒಬ್ಬನೇ ಕೂತು ಗುಂಡಿ ಒತ್ತುವ ಮನುಷ್ಯ. ನಮ್ಮಲ್ಲಿ ಫೋನು ಮನೆಗೆ ಸೇರಿದ್ದು. ಅಪ್ಪನ ಒಟಿಪಿ ಮಗ ನೋಡುತ್ತಾನೆ, ಅಜ್ಜಿಯ ವಿಡಿಯೊ ಕರೆ ಮೊಮ್ಮಗಳು ಹಚ್ಚುತ್ತಾಳೆ. ಇಬ್ಬರು ಸೇರಿ ಒಂದು ಪರದೆ ನೋಡುವುದನ್ನು ಅಲ್ಲಿನ ಪಠ್ಯ ಅಪವಾದವಾಗಿ ಹೇಳುತ್ತದೆ. ನಮ್ಮಲ್ಲಿ ಅದೇ ವಾಡಿಕೆ.

ಈ ಲೇಖನ ಬೆರಳಚ್ಚು ಮಾಡುತ್ತಿರುವ ಕೀಲಿಮಣೆಯನ್ನೇ ನೋಡಿ. ಕೆ.ಪಿ. ರಾವ್ ರೂಪಿಸಿದ್ದು, 'ನುಡಿ' ತಂತ್ರಾಂಶದ ಮೂಲಕ ಕರ್ನಾಟಕದ ಕಚೇರಿಗಳಿಗೆಲ್ಲ ಹಬ್ಬಿದ್ದು. ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀಲಿ. 'ರಾಷ್ಟ್ರ' ಎಂಬಲ್ಲಿನ 'ಷ್ಟ್ರ'ಕ್ಕೆ ಐದು ಸಲ ಒತ್ತಬೇಕು, ಅದರಲ್ಲಿ ಎರಡು ಎಫ್. ತಪ್ಪಾಯಿತೆಂದು ಹಿಂದಿನಿಂದ ಒಮ್ಮೆ ಅಳಿಸಿದರೆ ರ ಒತ್ತು ಮಾತ್ರ ಉದುರಿ 'ಷ್ಟ್' ಉಳಿಯುತ್ತದೆ. ಮುಂದಿನಿಂದ ಅಳಿಸಿದರೆ ಬಹಳ ಸಾಫ್ಟ್‌ವೇರುಗಳಲ್ಲಿ ಇಡೀ ಅಕ್ಷರವೇ ಮಾಯ. ಎರಡರಲ್ಲಿ ಯಾವುದು ಸರಿ? ಕನ್ನಡ ಶಾಲೆಯಲ್ಲಿ ಕಾಗುಣಿತ ಕಲಿತ ಮಗುವಿನ ಮನಸ್ಸಿನಲ್ಲಿ 'ಷ್ಟ್ರ' ಒಂದು ಅಕ್ಷರವೋ ಮೂರೋ? ಪಿಟ್ಸ್‌ಬರ್ಗಿನಲ್ಲಿ ಕೂತವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಹುಟ್ಟಿದ ಮೇಲೆ ಉತ್ತರ ಹುಡುಕುವ ದಾರಿ ಗೊತ್ತಿರುವುದು ಮಾತ್ರ ಅಲ್ಲಿ ಓದಿದಂಥವರಿಗೆ. ನನಗೆ ಪ್ರಶ್ನೆ ಇದೆ, ದಾರಿ ಇಲ್ಲ. ಇಪ್ಪತ್ತು ವರ್ಷದಿಂದ ಬರೀ ಗೊಣಗುತ್ತಿದ್ದೇನೆ.

ತಂತ್ರಜ್ಞಾನದ ಮೇಲೇ ಅನುಮಾನವಿರುವವರೂ ಇದ್ದಾರೆ, ಅದೂ ಒಳಗಿನವರೇ. ಮೈಕ್ರೋಸಾಫ್ಟಿನ ಆ ಬೆಂಗಳೂರು ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಕೆಂಟಾರೊ ಟೊಯಾಮ ಆಮೇಲೆ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, 2015ರಲ್ಲಿ ಒಂದು ಪುಸ್ತಕ ಬರೆದರು. ತಂತ್ರಜ್ಞಾನ ಇದ್ದದ್ದನ್ನು ಹಿಗ್ಗಿಸುತ್ತದೆ ಅಷ್ಟೆ, ಇಲ್ಲದ್ದನ್ನು ತರುವುದಿಲ್ಲ ಎಂಬುದು ಅವರ ವಾದ. ಮೇಷ್ಟರು ಒಳ್ಳೆಯವರಿದ್ದ ಶಾಲೆಯಲ್ಲಿ ಹಲವು ಮೌಸು ಕೆಲಸ ಮಾಡಿತು; ಮೇಷ್ಟರೇ ಬಾರದ ಶಾಲೆಯಲ್ಲಿ ಎಷ್ಟು ಮೌಸು ಇಟ್ಟರೇನು? ಈ ವಾದ ಕೇಳಿದಾಗಲೆಲ್ಲ ನನ್ನ ಕಸುಬಿನ ಮೇಲೆ ನನಗೇ ಸ್ವಲ್ಪ ಜಿಗುಪ್ಸೆ ಬರುತ್ತದೆ. ಮರುದಿನ ಮತ್ತೆ 'ಅಮಾನ್ಯ' ತೆಗೆದು 'ಇನ್ನೊಮ್ಮೆ ನೋಡಿ' ಎಂದು ಬರೆಯುತ್ತೇನೆ.

ಹಾಗಾದರೆ ಅಮೆರಿಕವೇ ಆಗಬೇಕೆ? ಇಲ್ಲಿನ ದಾರಿಯನ್ನು ನಮ್ಮವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮುಂಬಯಿ ಐಐಟಿಯಲ್ಲಿ ವಿನ್ಯಾಸ ಕಲಿಸುವ ಐಡಿಸಿ 1969ರಲ್ಲೇ ಶುರುವಾಯಿತು, ಅಲ್ಲಿ ಇಂಟರಾಕ್ಷನ್ ಡಿಸೈನಿನಲ್ಲಿ ಎಂ.ಡೆಸ್. ಇದೆ. ಬೆಂಗಳೂರಿನ ತುಮಕೂರು ರಸ್ತೆ ಕಡೆಯ ಎನ್‌ಐಡಿ ಆವರಣದಲ್ಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1990ರ ದಶಕದಿಂದ ಉತ್ಪನ್ನ ವಿನ್ಯಾಸದ ಎಂ.ಡೆಸ್. ನಡೆಯುತ್ತಿದೆ. ಐಐಟಿಗೆ ಸೀಡ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು, ಅದರ ಎರಡನೇ ಭಾಗದಲ್ಲಿ ಕೈಯಲ್ಲಿ ಪೆನ್ಸಿಲ್ ಹಿಡಿದು ಚಿತ್ರ ಬಿಡಿಸಬೇಕು. ಬಿ.ಇ. ಮಾಡಿದವರಲ್ಲಿ ಬಹಳ ಜನ ಅಲ್ಲೇ ಹೆದರಿ ಹಿಂದೆ ಸರಿಯುತ್ತಾರೆ. ಸಾಲ ಮಾಡಿ ಜಿಆರ್‌ಇ ಬರೆಯಲು ಹೆದರದವರು ಪೆನ್ಸಿಲಿಗೆ ಹೆದರುವುದು ನೋಡಿ ನನಗೆ ನಗು. ಖರ್ಚು ಅಮೆರಿಕದ ಒಂದು ಸಣ್ಣ ಪಾಲು. ಸೀಟು ಕಡಿಮೆ, ಅದೇ ತೊಂದರೆ.

ಐಡಿಸಿಯಿಂದ ಬಂದದ್ದು ಏನು ಎಂದರೆ ನೀವೆಲ್ಲ ಬೆರಳಿಗೆ ಮಸಿ ಹಚ್ಚಿಸಿಕೊಂಡು ಒತ್ತಿದ ಮತಯಂತ್ರವೇ ಇದೆ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಆ ಯಂತ್ರದ ರೂಪಕ್ಕೆ ಐಡಿಸಿಯ ಎ.ಜಿ. ರಾವ್ ಮತ್ತು ರವಿ ಪೂವಯ್ಯ ಕೈ ಹಚ್ಚಿದರು. ಹೆಸರು, ಚಿಹ್ನೆ, ದೀಪ, ನೀಲಿ ಗುಂಡಿ ಒಂದೇ ಸಾಲಿನಲ್ಲಿ. ಒತ್ತಿದರೆ ಕೆಂಪು ದೀಪ, ಉದ್ದನೆಯ ಬೀಪ್. ಓದು ಬಾರದವರು, ಕಣ್ಣು ಮಂಜಾದವರು, ಜೀವಮಾನದಲ್ಲಿ ಯಂತ್ರ ಮುಟ್ಟದವರು ಒಬ್ಬೊಬ್ಬರೇ ಮರೆಯೊಳಗೆ ಹೋಗಿ, ಯಾರನ್ನೂ ಕೇಳದೆ ಕೆಲಸ ಮುಗಿಸಿ ಬರುತ್ತಾರೆ. ಅದೇ ಐಡಿಸಿಯ ಸ್ವರಚಕ್ರ ಎಂಬ ಕೀಲಿಮಣೆಯಲ್ಲಿ ವ್ಯಂಜನ ಮುಟ್ಟಿದರೆ ಸುತ್ತ ಕಾಗುಣಿತದ ಚಕ್ರ ಅರಳುತ್ತದೆ. ಬೆರಳು ಸರಿಸಿದರೆ ಅಕ್ಷರ ಸಿದ್ಧ. ಕನ್ನಡದಲ್ಲೂ ಇದೆ. ತಿಳಿದವರು ಕಟ್ಟಿದ್ದು, ಶಾಲೆಯ ನೆನಪಿನ ಮೇಲೆ ನಿಂತದ್ದು. ಆದರೂ ನನ್ನ ಸುತ್ತಲಿನ ಹುಡುಗರು 'ಊಟ ಆಯ್ತಾ' ಎನ್ನುವುದನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬಡಿಯುತ್ತಾರೆ. ವಿನ್ಯಾಸ ಚೆನ್ನಾಗಿದ್ದ ಮಾತ್ರಕ್ಕೆ ರೂಢಿ ಸೋಲುವುದಿಲ್ಲ.

ಓದು ಬೇಡ ಎನ್ನುವವರ ಕೈಗೆ ಕರ್ನಾಟಕ ಇದಕ್ಕಿಂತ ದೊಡ್ಡ ಸಾಕ್ಷಿ ಕೊಟ್ಟಿದೆ. ಅದು ಭಾವನಿಗೂ ಗೊತ್ತು, ಗೊತ್ತಿದೆ ಎಂದು ಗೊತ್ತಿರಲಿಲ್ಲ ಅಷ್ಟೆ. ಭೂಮಿ ಯೋಜನೆ ಬಂದ ಹೊಸತು. ಅಲ್ಲಿಯವರೆಗೆ ಪಹಣಿ ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು, ಅವರ ಮನಸ್ಸು ಬಂದಾಗ ಸಿಗುತ್ತಿತ್ತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು ನಡೆಸಿದ ಆ ಕೆಲಸದಲ್ಲಿ ಸುಮಾರು 2 ಕೋಟಿ ದಾಖಲೆ ಗಣಕಕ್ಕೇರಿದವು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅಚ್ಚಾದ ಪಹಣಿ ಸಿಗುತ್ತಿತ್ತು. ಇಷ್ಟು ಎಲ್ಲರಿಗೂ ಗೊತ್ತಿರುವ ಮಾತು. ನನ್ನ ಕಣ್ಣು ಹೋಗುವುದು ಬೇರೆ ಕಡೆಗೆ: ಆ ಕಿಟಕಿಯಲ್ಲಿ ಪರದೆ ಎರಡಿದ್ದವು. ಒಂದು ಆಪರೇಟರನ ಕಡೆಗೆ, ಇನ್ನೊಂದು ರೈತನ ಕಡೆಗೆ ಮುಖ ಮಾಡಿ.

ಫೋನಿನಲ್ಲಿ ಈ ಮಾತು ತೆಗೆದಾಗ ಭಾವನ ದನಿ ಬದಲಾಯಿತು. "ಹೌದು ಮಾರಾಯ! ನಮ್ಮಪ್ಪನ ಹೆಸರಲ್ಲಿ ಹೆಗಡೆ ಹೋಗಿ ಹೆಗ್ಗಡೆ ಆಗಿತ್ತು. ಎದುರಿಗೇ ಕಾಣ್ತಲ್ಲ, ಅಲ್ಲೇ ಕೈ ಮಾಡಿ ತೋರಿಸ್ದೆ." ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ ಬರೆಯುವುದನ್ನು ತಾವು ನೋಡಿದ್ದು ಅದೇ ಮೊದಲ ಸಲ ಎಂದರು. ಗುಮಾಸ್ತನಿಗೂ ರೈತನಿಗೂ ಮಧ್ಯೆ ಇದ್ದ ಮರೆ ಒಂದು ಹೆಚ್ಚುವರಿ ಪರದೆಯಿಂದ ಸರಿಯಿತು. ಅದನ್ನು ಹಾಗೆ ತಿರುಗಿಸಿ ಇಡಲು ಎಂ.ಎಸ್. ಬೇಕಿರಲಿಲ್ಲ, ಕಚೇರಿಯ ಕಿಟಕಿ ಮುಂದೆ ನಿಂತವನ ಸಂಕಟ ಗೊತ್ತಿದ್ದರೆ ಸಾಕಿತ್ತು.

ನಾನು ಎತ್ತ ವಾಲುತ್ತೇನೆ ಎಂದು ಈಗ ಹೇಳಲೇಬೇಕು. ವಿದ್ಯೆಗೆ ನನ್ನ ಓಟು ಇದೆ. ತುರುವೇಕೆರೆಯ ಆ ಒಂದು ನಿಮಿಷದ ಮೌನವನ್ನು ನಾನು ಬೇರೆಲ್ಲೂ ನೋಡಿಲ್ಲ, ನನಗೆ ಕಲಿಯಲೂ ಆಗಿಲ್ಲ. ಆದರೆ ಮನೆ ಅಡವಿಟ್ಟು ಈ ವಿದ್ಯೆ ಕಲಿಯುವುದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಸಾಲದ ಭಾರವಿದ್ದವಳು ಸಂಬಳ ಹೆಚ್ಚು ಕೊಡುವ ಕಡೆಗೇ ಹೋಗಬೇಕು. ಅಲ್ಲಿ ಅವಳಿಗೆ ಸಿಗುವುದು ಜನ ಇನ್ನೂ ಐದು ನಿಮಿಷ ಫೋನು ಕೆಳಗಿಡದಂತೆ ಮಾಡುವ ಕೆಲಸ. ಖಜಾಂಚಿಯಕ್ಕನ ಜಗಲಿಗೆ ಬರಲು ಅವಳಿಗೆ ಹತ್ತು ವರ್ಷ ಬಿಡುವಾಗದು. ವೀಸಾ ಸಿಗಲಿ ಎಂದಷ್ಟೇ ಓದುವುದಾದರೆ ಎಚ್‌ಸಿಐಗಿಂತ ಹತ್ತಿರದ ದಾರಿಗಳಿವೆ. ಶಿಷ್ಯವೇತನವೋ ಬೋಧನಾ ಸಹಾಯಕಿಯ ಕೆಲಸವೋ ಸಿಕ್ಕಿ ಶುಲ್ಕ ಇಳಿದರೆ ನನ್ನ ಮಾತು ನಾನೇ ವಾಪಸು ತೆಗೆದುಕೊಳ್ಳುತ್ತೇನೆ. ಇದನ್ನೆಲ್ಲ ಹೇಳಲು ನನಗೇನು ಅಧಿಕಾರ ಎಂದು ಅವಳು ಕೇಳಬಹುದು. ಊರಲ್ಲೇ ಉಳಿದವನ ಅಸೂಯೆ ಇದರಲ್ಲಿ ಸ್ವಲ್ಪ ಬೆರೆತಿಲ್ಲ ಎಂದು ಎದೆ ಮುಟ್ಟಿ ಹೇಳಲಾರೆ.

ಅವಳಿಗೇ ಫೋನು ಮಾಡಿದೆ. "ಮಾವ, ಅಪ್ಪ ಹೇಳಿಸಿದ್ದಾ?" ಎಂದಳು ಮೊದಲ ಮಾತಿಗೇ. ಹೌದು ಎಂದೆ. ಸುಳ್ಳು ಹೇಳಿದರೆ ಗೊತ್ತಾಗುವ ಹುಡುಗಿ.

"ನಾನು ಮೂರು ವರ್ಷದಿಂದ ಬೇರೆಯವರು ಬರೆದ ಪರದೆಗೆ ಕೋಡ್ ಹಾಕ್ತಾ ಇದೀನಿ. ಈ ಗುಂಡಿ ಇಲ್ಲಿ ಯಾಕೆ ಅಂತ ಕೇಳಿದ್ರೆ, ಮ್ಯಾನೇಜರಿಗೆ ಇಷ್ಟ ಅಂತಾರೆ. ಇಷ್ಟ ಅನ್ನೋದನ್ನ ತಪ್ಪು ಅಂತ ತೋರಿಸೋದು ಹೇಗೆ ಅಂತ ನಂಗೆ ಗೊತ್ತಿಲ್ಲ. ಅದಕ್ಕೇ ಓದಬೇಕು."

ಇಷ್ಟು ಹೊತ್ತು ನಾನು ಬರೆದ ಪರ-ವಿರೋಧದಲ್ಲಿ ಇಷ್ಟು ನೇರವಾದ ವಾಕ್ಯ ಒಂದೂ ಇರಲಿಲ್ಲ. ಸೀಡ್ ವಿಷಯ ಹೇಳಿದೆ. ಚಿತ್ರ ಬರಲ್ಲ ಎಂದಳು. ವಿಶ್ವವಿದ್ಯಾಲಯಕ್ಕೆ ಬರೆದು ಸೀಟನ್ನು ಒಂದು ವರ್ಷ ಮುಂದೂಡಲು ಕೇಳು, ಕೆಲವರು ಒಪ್ಪುತ್ತಾರೆ, ಅಷ್ಟರಲ್ಲಿ ಪೆನ್ಸಿಲನ್ನೂ ಹಿಡಿದು ನೋಡು ಎಂದೆ. ಬರೆದಿದ್ದಾಳೆ. ಉತ್ತರ ಬಂದಿಲ್ಲ.

ಮೊನ್ನೆ ಊರಿಗೆ ಹೋದವಳು ಪಹಣಿ ತರಲು ಅಪ್ಪನ ಜೊತೆ ನಾಡಕಚೇರಿಗೆ ಹೋಗಿದ್ದಳಂತೆ. ಅಕ್ಕ ಫೋನಿನಲ್ಲಿ ದೂರು ಹೇಳಿದಳು: "ಹತ್ತು ಗಂಟೆಗೆ ಹೋದವರು ಒಂದಾದ್ರೂ ಬರಲಿಲ್ಲ ಕಣೋ. ಪಹಣಿ ಸಿಕ್ಕಿ ಅರ್ಧ ಗಂಟೆಗೇ ಇವರು ಹೊರಟು ನಿಂತರಂತೆ. ಅವಳು ಮಾತ್ರ ಬೆಂಚಿನ ಮೇಲೆ ಕೂತು, ಸಾಲಿನಲ್ಲಿದ್ದವರು ಏನೇನು ಕೇಳ್ತಾರೆ ಅಂತ ಪುಸ್ತಕದಲ್ಲಿ ಬರ್ಕೊಳ್ತಾ ಇದ್ಲಂತೆ. ಇವರು ಮೂರು ಸಲ ಕರೆದರೂ ಏಳಲಿಲ್ಲ. ಆಮೇಲೆ ಇವರೂ ಪಕ್ಕ ಕೂತು, ಯಾರು ಎಷ್ಟು ಹೊತ್ತು ನಿಂತ್ರು ಅಂತ ಗಡಿಯಾರ ನೋಡಿ ಹೇಳಕ್ಕೆ ಶುರುಮಾಡಿದ್ರಂತೆ. ಅನ್ನ ಆರಿ ಹೋಯ್ತು."